ಕೆನೆಗೊಜ್ಜಿನ ಎಡೆ

ಹೋದ ತಿಂಗಳು ಶಿಡ್ಲಘಟ್ಟದಿಂದ ಒಂದು ಕಾರ್ಡು ಬಂತು. ನಾನು ಅಕ್ಕ ಎಂದು ಕರೆಯುತ್ತಿದ್ದವರು ತೀರಿಕೊಂಡರೆಂದು ಅವರ ತಮ್ಮ ಬರೆದಿದ್ದರು. ಮೂರು ದಿನ ಜ್ವರ, ಯಾರಿಗೂ ತೊಂದರೆ ಕೊಡಲಿಲ್ಲ, ಇಷ್ಟೇ. ಕಾರ್ಡನ್ನು ಎರಡು ಸಲ ಓದಿ, ಎದ್ದು ಹೋಗಿ ಗೋಡೆಯ ಮೊಳೆಯಿಂದ ಪಂಚಾಂಗ ತೆಗೆದು ನೋಡಿದೆ. ಮಹಾಲಯ ಅಮಾವಾಸ್ಯೆಗೆ ಇನ್ನೂ ಐದು ವಾರವಿತ್ತು. ಸಾವಿನ ಸುದ್ದಿ ಓದಿದವಳು ಪಂಚಾಂಗ ಯಾಕೆ ನೋಡಿದೆ ಎಂದು ನಮ್ಮ ಮನೆಯವರು ಕೇಳಿದರು. ನಾನು ಹೇಳಲಿಲ್ಲ. ಐದು ವರ್ಷದ ಮದುವೆಯಲ್ಲಿ ಅವರಿಗೆ ಹೇಳದೆ ಉಳಿಸಿಕೊಂಡದ್ದು ಇದೊಂದೇ.

ಅಕ್ಕನ ಹೆಸರನ್ನು ಬರೆಯುವುದಿಲ್ಲ. ಹೆಸರು ಬರೆದರೆ ಊರು ಗೊತ್ತಾಗುತ್ತದೆ, ಊರು ಗೊತ್ತಾದರೆ ಮನೆ ಗೊತ್ತಾಗುತ್ತದೆ. ಆ ಮನೆಯಲ್ಲಿ ಇನ್ನೂ ಜನ ಇದ್ದಾರೆ.

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವಿಬ್ಬರೂ ಚಿಂತಾಮಣಿಯ ಕಡೆ ಗ್ರಾಮಸೇವಿಕೆಯರಾಗಿದ್ದೆವು. ಹಳ್ಳಿಗಳಿಗೆ ಹೋಗಿ ಹೆಂಗಸರನ್ನು ಸೇರಿಸಿ, ಹೊಗೆಯಿಲ್ಲದ ಒಲೆ ಹಾಕಿಸುವುದು, ಮಕ್ಕಳಿಗೆ ಹಾಲಿನಪುಡಿ ಕಲಸಿ ಕೊಡುವುದು, ಹೊಸ ತರಕಾರಿಗಳ ಅಡುಗೆ ತೋರಿಸುವುದು ನಮ್ಮ ಕೆಲಸ. ನನಗಾಗ ಇಪ್ಪತ್ತರ ಮೇಲೆ ಒಂದೋ ಎರಡೋ. ಅವರಿಗೆ ನಲವತ್ತರ ಹತ್ತಿರ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ಮೇಷ್ಟರಾಗಿದ್ದ ತಂದೆಯ ಹಟದಿಂದ ಓದಿ, ಕೆಲಸಕ್ಕೆ ಬಂದವರು. ಎತ್ತರದ ಮೈಕಟ್ಟು. ಗಂಡಸರ ಕೊಡೆ ಹಿಡಿದು ನಡೆದರೆ ಹಿಂದೆ ತಿರುಗಿ ನೋಡುವವರಲ್ಲ. ನಾನು ಹಿಂದುಳಿದರೆ ಮುಂದಿನಿಂದಲೇ ಕೂಗುತ್ತಿದ್ದರು. "ಬಾರೇ, ಬಿಸಿಲೇನು ನಿನ್ನನ್ನ ಕೇಳ್ಕೊಂಡು ಏರುತ್ತಾ?"

ಯಾವ ಹಳ್ಳಿಗೆ ಹೋದರೂ ಅವರು ಮೊದಲು ಹೋಗುತ್ತಿದ್ದದ್ದು ಹಿತ್ತಲಿಗೆ. ಏನು ಬೆಳೆದಿದ್ದಾರೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಅದನ್ನು ನೋಡಿಕೊಂಡು ಬಂದ ಮೇಲೆ ಮನೆಯವರನ್ನು ಮಾತಾಡಿಸುವುದು. "ಜಗಲಿ ಸುಳ್ಳು ಹೇಳುತ್ತೆ ಕಣೇ, ಹಿತ್ತಲು ಹೇಳಲ್ಲ" ಎನ್ನುತ್ತಿದ್ದರು. ಯಾರ ಮನೆಯಲ್ಲೂ ಹೊಗಳಿಕೆ ಆಡಿದವರಲ್ಲ. ಚೆನ್ನಾಗಿದ್ದರೆ "ಹೂಂ" ಎನ್ನುವರು. ಆ ಒಂದು ಹೂಂಗಾಗಿ ಹೆಂಗಸರು ಒಲೆಗೆ ಎರಡನೇ ಸಲ ಸಗಣಿ ಸಾರಿಸುತ್ತಿದ್ದರು.

ಅವರ ಕೈ ಹೆಸರಾಗಿದ್ದದ್ದು ಒಂದು ತಿನಿಸಿಗೆ. ತರಬೇತಿ ಕೇಂದ್ರದಲ್ಲಿದ್ದಾಗ ಬೇರೆ ದೇಶದಿಂದ ಬಂದ ಒಬ್ಬ ಮೇಡಂ ಕಲಿಸಿದ್ದಂತೆ. ಆ ಮೇಡಂ ಊಟಕ್ಕೆ ಮುಂಚೆ ಬ್ರೆಡ್ಡನ್ನು ಕಡ್ಡಿಯ ಹಾಗೆ ಸೀಳಿ, ಅದರಲ್ಲಿ ಅದ್ದಿ ತಿನ್ನುತ್ತಿದ್ದರಂತೆ. ಅಕ್ಕ ಅದನ್ನು ನಮ್ಮ ಸೀಮೆಗೆ ಒಗ್ಗಿಸಿಕೊಂಡಿದ್ದರು. ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರೆಲ್ಲ ಇಳಿಸಬೇಕು. ಹಾಲಿನ ಕೆನೆ ಬೇರೆ ತೆಗೆದಿಟ್ಟಿರಬೇಕು. ಟೊಮೇಟೊ ಹಣ್ಣನ್ನು ಕೆಂಡದ ಮೇಲೆ ಸಿಪ್ಪೆ ಬಿರಿಯುವಷ್ಟು ಮಾತ್ರ ಸುಟ್ಟು, ಸುಲಿದು, ಬೀಜದ ನೀರನ್ನು ಹಿಂಡಿ, ಉಪ್ಪು, ಒಂದು ಹಸಿಮೆಣಸಿನಕಾಯಿಯ ಜೊತೆ ಒರಳಲ್ಲಿ ನಾಲ್ಕೇ ಸುತ್ತು. ಆಮೇಲೆ ಕಾಮಕಸ್ತೂರಿ ಎಲೆ. "ಎಲೆಗೆ ಕತ್ತಿ ತೋರಿಸ್ಬೇಡಿ, ಕೈಯಲ್ಲಿ ಹರೀರಿ. ಕತ್ತಿ ಅರ್ಧ ವಾಸನೆ ತಿಂದ್ಬಿಡುತ್ತೆ." ಕೊನೆಗೆ ಕಟ್ಟಿದ ಮೊಸರು, ಕೆನೆ ಹಾಕಿ ಮೆಲ್ಲಗೆ ಕಲಸಿ, ಚಮಚದ ಬೆನ್ನಿನಿಂದ ಮೇಲೆಲ್ಲ ಸವರಿ ಕನ್ನಡಿಯ ಹಾಗೆ ಮಾಡುವರು. "ಹಸುಗೂಸಿನ ಅಂಗಾಲಿನ ಬಣ್ಣ ಬಂದ್ರೆ ಸರಿಯಾಗಿದೆ ಅಂತ" ಎಂದು ತೋರಿಸುವರು. ನಿಜಕ್ಕೂ ಅದೇ ಬಣ್ಣ. ಸೌತೆಕಾಯಿ, ಮೂಲಂಗಿ, ಸುಟ್ಟ ಹಪ್ಪಳದ ಚೂರು, ಯಾವುದನ್ನಾದರೂ ಅದ್ದಿಕೊಂಡು ತಿನ್ನಬಹುದು. ಹಳ್ಳಿಯವರು ಅದಕ್ಕೆ ಕೆನೆಗೊಜ್ಜು ಎಂದು ಹೆಸರಿಟ್ಟರು.

ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯಲ್ಲಿ ಅದನ್ನು ತೋರಿಸಿದ ದಿನ ನನಗೆ ಪೂರ್ತಿ ನೆನಪಿದೆ. ಬೇಸಿಗೆ. ಶಾಲೆಯ ಜಗಲಿಯಲ್ಲಿ ಮೂವತ್ತು ಮಂದಿ ಹೆಂಗಸರು.

"ಇದು ಊಟಕ್ಕೆ ಮುಂಚೆ ತಿನ್ನೋದು. ಹಸಿವು ಹುಟ್ಟಿಸುತ್ತೆ" ಎಂದರು ಅಕ್ಕ.

ಹಿಂದಿನಿಂದ ಒಬ್ಬ ಮುದುಕಿ, "ಹಸಿವು ಹುಟ್ಸಕ್ಕೆ ನಮ್ಗೆ ಅತ್ತೇರು ಸಾಕಾಗಿತ್ತಲ್ಲಮ್ಮ, ಟಮಾಟ ಬೇರೆ ಯಾಕೆ?" ಎಂದಳು. ಜಗಲಿಯೆಲ್ಲ ನಕ್ಕಿತು.

"ಆ ಎಲೆ ಮುಡ್ಕೊಳೋದಲ್ವಾ ಅಮ್ಮಾವ್ರೇ? ತಿಂತಾರಾ ಯಾರಾದ್ರೂ?"

"ತಲೇಗೆ ಒಳ್ಳೇದಾಗಿದ್ದು ಹೊಟ್ಟೇಗೆ ಕೆಟ್ಟದ್ದಾಗುತ್ತೇನೇ?" ಎಂದರು ಅಕ್ಕ.

"ಮುರುಗಮಲ್ಲದ ದರ್ಗಾದ ಮುಂದೆ ಹೂವಿನ ಜೊತೆ ಇಟ್ಕೊಂಡು ಮಾರ್ತಾರಲ್ಲ, ಸಬ್ಜಾ ಅಂತ, ಅದೇ ಕಣ್ರೇ ಇದು" ಎಂದಳು ಇನ್ನೊಬ್ಬಳು. "ಗೋರಿ ಮೇಲೆ ಇಡೋದ್ನ ಬಾಯಲ್ಲಿ ಇಟ್ಕೋಬೇಕಂತೆ!"

ಮತ್ತೆ ನಗು. ನಾಲ್ಕೈದು ಮಂದಿ ಮಾತ್ರ ರುಚಿ ನೋಡಿದರು. ಎರಡನೇ ಸಲ ಕೈಯೊಡ್ಡಿದವಳು ಒಬ್ಬಳೇ, ಅವಳನ್ನು ಮುನಿಯಮ್ಮ ಎಂದು ಕರೆಯುತ್ತೇನೆ. ಐದು ವರ್ಷದ ಮಗಳು ಅವಳ ಸೆರಗು ಹಿಡಿದು ನಿಂತಿದ್ದಳು. ಒಂದೇ ಮಗು. ಕಾರ್ಯಕ್ರಮ ಮುಗಿದ ಮೇಲೆ ಮುನಿಯಮ್ಮ ಮನೆಗೆ ಓಡಿಹೋಗಿ ಒಂದು ಚಿಕ್ಕ ಹಿತ್ತಾಳೆ ತಪ್ಪಲೆ ತಂದಳು. "ಮಿಕ್ಕಿದ್ದು ಕೊಡಿ ಅಮ್ಮಾವ್ರೇ, ಮನೇಲಿ ಅತ್ತೇಗೂ ತೋರಿಸ್ತೀನಿ." ಅಕ್ಕ ಸಂತೋಷದಿಂದ ಪೂರ್ತಿ ಸುರಿದುಕೊಟ್ಟರು. "ತಣ್ಣಗಿಡು, ಸಂಜೆವರ್ಗೂ ಏನೂ ಆಗಲ್ಲ" ಎಂದರು.

ಅವರು ಸುರಿಯುವಾಗ ತಪ್ಪಲೆಯನ್ನು ಹಿಡಿದುಕೊಂಡಿದ್ದವಳು ನಾನು.

ಒಳಗಿನ ತವರದ ಕಲಾಯಿ ಸವೆದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ವಿಷವಾಗುತ್ತದೆಂದು ಆ ಊರಿನ ಏಳು ವರ್ಷದ ಹುಡುಗಿಗೂ ಗೊತ್ತು. ಹುಣಿಸೆಹುಳಿ, ಮಜ್ಜಿಗೆ ಮಣ್ಣಿನ ಪಾತ್ರೆಗೇ ಹೋಗುತ್ತಿದ್ದವು. ಆದರೆ ಟೊಮೇಟೊ ಹೊಸದು, ಅವರ ಕಣ್ಣಿಗೆ ಅದು ಹಣ್ಣು. ಸಾಲದ್ದಕ್ಕೆ ಮೇಲೆ ಕೆನೆ. ಕೆನೆ ಹುಳಿಯನ್ನು ನಾಲಿಗೆಗೆ ತಿಳಿಯದಂತೆ ಮುಚ್ಚಿಟ್ಟಿತ್ತು. ಮುನಿಯಮ್ಮನಿಗೆ ಅನುಮಾನ ಬರಲಿಲ್ಲ. ಅನುಮಾನ ಬರಬೇಕಾಗಿದ್ದವರು ನಾವು. ಅಕ್ಕ ಅವಳ ಮುಖ ನೋಡುತ್ತಿದ್ದರು. ನಾನು ಏನು ನೋಡುತ್ತಿದ್ದೆನೋ ನೆನಪಿಲ್ಲ. ತಪ್ಪಲೆಯ ಒಳಗೆ ನೋಡಲಿಲ್ಲ ಎಂಬುದು ಮಾತ್ರ ನಿಶ್ಚಯ.

ಅತ್ತೆ ಅದನ್ನು ಮೂಸಿಯೂ ನೋಡಲಿಲ್ಲವಂತೆ. ಮುನಿಯಮ್ಮ ತಾನು ತಿನ್ನದೆ ಮಗಳಿಗೆಂದು ಇಟ್ಟಳು. ಮಗು ಅಂದು ಸಂಜೆ ತಿಂದಿತು, ಮಾರನೆಯ ಬೆಳಿಗ್ಗೆ ಮಿಕ್ಕದ್ದನ್ನೂ ತಿಂದಿತು. ಮಧ್ಯಾಹ್ನಕ್ಕೆ ವಾಂತಿ ಶುರುವಾಯಿತು. ಗಾಡಿ ಕಟ್ಟಿ ಚಿಂತಾಮಣಿಗೆ ಹೊರಟರು. ದಾರಿಯಲ್ಲೇ ಹೋಯಿತು.

ಆ ಹದಿನೈದು ದಿನದಲ್ಲಿ ಸುತ್ತಿನ ಮೂರು ಹಳ್ಳಿಗಳಲ್ಲಿ ವಾಂತಿಭೇದಿ ಇತ್ತು. ಡಾಕ್ಟರು ತಪ್ಪಲೆಯ ವಿಷಯ ಕೇಳಿ, "ಅದರಿಂದ ಇರಬಹುದು, ಇಲ್ಲದೇನೂ ಇರಬಹುದು, ಹೇಳೋಕಾಗಲ್ಲ" ಎಂದರು. ಅಕ್ಕ ಆ ಮಾತನ್ನು ಹಿಡಿದುಕೊಂಡು ಬದುಕಬಹುದಾಗಿತ್ತು. ಅವರು ಮೂರನೇ ದಿನವೇ ಆ ಮನೆಗೆ ಹೋದರು, ನಾನೂ ಹೋದೆ. ಹೊಡೆದಾರೆಂದು ನನಗೆ ಭಯ. ಮುನಿಯಮ್ಮ ಚಾಪೆ ಹಾಕಿ ನೀರು ಕೊಟ್ಟಳು. ಅಕ್ಕ ಕೇಳಿದ್ದು ಒಂದೇ. "ಆ ಪಾತ್ರೆ ನೋಡ್ಬಹುದೇನಮ್ಮ?" ತಂದು ತೋರಿಸಿದಳು. ಒಳಗೆ ಕಲಾಯಿಯ ಬಿಳುಪು ಎಲ್ಲೂ ಉಳಿದಿರಲಿಲ್ಲ. ಅಂಚಿನ ಕೆಳಗೆ ಉಗುರಿನಗಲ ಹಸಿರು ಕಿಲುಬು ಸುತ್ತಲೂ ಕಟ್ಟಿತ್ತು. ಅಕ್ಕ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಪಾತ್ರೆಯನ್ನು ಎರಡು ಕೈಯಲ್ಲೂ ವಾಪಸು ಕೊಟ್ಟರು.

ತಪ್ಪಲೆ ಹಿಡಿದಿದ್ದವಳು ನಾನು ಎಂಬುದನ್ನು ಅವರು ಅಂದೂ ಆಡಲಿಲ್ಲ, ಮುಂದೆ ಎಂದೂ ಆಡಲಿಲ್ಲ. ಅವರ ಬಗ್ಗೆ ಒಂದೇ ಒಂದು ಮಾತು ಬರೆಯಬೇಕೆಂದರೆ ನಾನು ಇದನ್ನು ಬರೆಯುತ್ತೇನೆ.

ಆಮೇಲೆ ಅವರಿಗೊಂದು ಅಭ್ಯಾಸ ಹತ್ತಿತು. ಯಾರ ಮನೆಯಲ್ಲಿ ನೀರು ಕೊಟ್ಟರೂ ಲೋಟವನ್ನು ಬೆಳಕಿಗೆ ವಾಲಿಸಿ ಒಳಗೆ ನೋಡುವರು. ಅಡುಗೆಮನೆಗೆ ಹೋದರೆ ಪಾತ್ರೆಗಳೊಳಗೆ ಬೆರಳಾಡಿಸುವರು. "ಸೇವಿಕಮ್ಮನಿಗೆ ತಪ್ಪಲೇಲಿ ಮುಖ ನೋಡ್ಕೊಳೋ ಹುಚ್ಚು" ಎಂದು ಹೆಂಗಸರು ಆಡಿಕೊಂಡರು. ಕೆನೆಗೊಜ್ಜನ್ನು ಮತ್ತೆ ಯಾವ ಊರಲ್ಲೂ ತೋರಿಸಲಿಲ್ಲ. ನಮ್ಮ ಆಫೀಸಿನ ಸಾಹೇಬರು ಕೇಳಿದಾಗ, "ಮರೆತುಹೋಗಿದೆ ಸಾರ್" ಎಂದುಬಿಟ್ಟರು. ಹಸುಗೂಸಿನ ಅಂಗಾಲಿನ ಮಾತನ್ನಂತೂ ನಾನು ಮತ್ತೆ ಅವರ ಬಾಯಿಂದ ಕೇಳಲಿಲ್ಲ.

ಆ ವರ್ಷ ಮಹಾಲಯ ಅಮಾವಾಸ್ಯೆಯಾದ ಎರಡನೇ ದಿನ ಮುನಿಯಮ್ಮ ನಮ್ಮ ಆಫೀಸಿಗೆ ಬಂದಳು. ಬಾಗಿಲ ಹೊರಗೇ ನಿಂತಳು. ಆ ಮನೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಅಮಾವಾಸ್ಯೆಯ ದಿನ ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಒಳಕೋಣೆಯಲ್ಲಿ ಎಲೆ ಹಾಕಿ ಎಡೆ ಇಡುತ್ತಾರೆ. ದೀಪ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಂಡು, ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಮಾತಿಲ್ಲದೆ ಕೂರುತ್ತಾರೆ. ಆಮೇಲೆ ಬಾಗಿಲು ತೆಗೆದು, ಎಡೆಯಲ್ಲಿ ಏನಾದರೂ ಕದಲಿದೆಯೇ ಎಂದು ಹಿರಿಯರು ನೋಡುತ್ತಾರೆ. ಕದಲಿದ್ದರೆ ಬಂದು ಮುಟ್ಟಿದ್ದಾರೆ ಎಂದು ಅರ್ಥ.

"ಎಲ್ಲಾ ಇಟ್ವಿ ಅಮ್ಮಾವ್ರೇ" ಎಂದಳು ಮುನಿಯಮ್ಮ. "ಕಡುಬು ಇಟ್ವಿ, ಪಾಯಸ ಇಟ್ವಿ. ನಮ್ಮಾವ ಬಂದು ಮುಟ್ಟವ್ರೆ. ಮಗು ಮುಟ್ಲಿಲ್ಲ. ನಮ್ಮತ್ತೆ ಅಂದ್ರು, ಕಡೇಲಿ ತಿಂದಿದ್ನ ಇಡ್ಬೇಕು ಅಂತ. ನಂಗದು ಮಾಡಾಕೆ ಬರಲ್ಲ. ನೀವು ಬರ್ಬೇಕು."

ಅಕ್ಕ ಎದ್ದು ಬಾಗಿಲ ಹತ್ತಿರ ಬಂದರು.

"ಅದು ಮುಟ್ಟಿದ್ರೆ ನಿಮ್ ಮೇಲೆ, ನನ್ ಮೇಲೆ ಅದಕ್ಕೆ ಸಿಟ್ಟಿಲ್ಲ ಅಂತ ಲೆಕ್ಕ. ಮುಟ್ಟೋವರ್ಗೂ ವರ್ಷಾ ವರ್ಷಾ ಬರ್ತೀರಾ ಅಮ್ಮಾವ್ರೇ?"

ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಮದುವೆಗೆ ಕರೆಯಲು ಬಂದವಳಂತೆ ಕೇಳಿದಳು. ಅಕ್ಕ, "ಬರ್ತೀನಮ್ಮ" ಎಂದರು.

ಮುಂದಿನ ಅಮಾವಾಸ್ಯೆಯಿಂದ ಅವರು ಹೋಗತೊಡಗಿದರು. ನನ್ನನ್ನು ಕರೆಯಲಿಲ್ಲ. ಬಂದ ಮೇಲೆ ನಾನು ಕೇಳುತ್ತಿದ್ದೆ. "ಏನಾಯ್ತಕ್ಕ?" ಅವರು, "ಗೊಜ್ಜಿನ ಕನ್ನಡಿ ಹಾಗೇ ಇತ್ತು" ಎನ್ನುವರು. ಅಷ್ಟೇ. ಎಡೆ ಇಟ್ಟದ್ದನ್ನು ಆಮೇಲೆ ಮನೆಯವರು ಊಟ ಮಾಡಬೇಕು. ಕೆನೆಗೊಜ್ಜನ್ನು ಮಾತ್ರ ಮುನಿಯಮ್ಮ ಅಕ್ಕನ ಮುಂದೆ ಇಡುತ್ತಿದ್ದಳು, ಅದೇ ತಪ್ಪಲೆಯಲ್ಲಿ. ಅದಕ್ಕೆ ಕಲಾಯಿ ಹಾಕಿಸಮ್ಮ ಎಂದು ಅಕ್ಕ ಕೇಳಿಕೊಂಡರಂತೆ. "ಬಿಳೀ ಮಾಡ್ಸಿದ್ರೆ ಮಗು ಗುರ್ತು ಹಿಡಿಯಲ್ಲ ಅಮ್ಮಾವ್ರೇ" ಎಂದಳಂತೆ. ಅಕ್ಕ ಅದರಲ್ಲೇ ತಿಂದು ಬರುತ್ತಿದ್ದರು. ಎರಡು ದಿನ ಹೊಟ್ಟೆ ತೊಳಸಿ ಮಲಗುವರು.

ನನಗೆ ಹೆದರಿಕೆ ಹುಟ್ಟಿದ್ದು ಇದರಿಂದಲ್ಲ. ಎರಡನೇ ವರ್ಷ ಬಂದವರು, "ಈ ಸಲ ಮೆಣಸಿನಕಾಯಿ ಬಿಟ್ಟು ನೋಡ್ದೆ ಕಣೇ. ಖಾರ ಆಗ್ತಿತ್ತೇನೋ" ಎಂದರು. ಮೂರನೇ ವರ್ಷ, "ಚೂರು ಬೆಲ್ಲ ಹಾಕ್ದೆ." ಒಂದು ದಿನ ಆಫೀಸಿನಲ್ಲಿ ಬರೆಯುತ್ತ ಕೂತವರು ತಲೆಯೆತ್ತಿ, "ಎಂಟು ವರ್ಷಕ್ಕೆ ಹಾಲುಹಲ್ಲು ಬೀಳುತ್ತಲ್ವಾ? ಮೂಲಂಗಿ ಕಚ್ಚೋಕಾಗಲ್ಲ. ಹಪ್ಪಳಾನೇ ಇಡ್ಬೇಕು" ಎಂದರು. ಆಮೇಲೆ ಮತ್ತೆ ಬರೆಯತೊಡಗಿದರು.

ನಾಲ್ಕನೇ ವರ್ಷ ನನಗೆ ಗೌರಿಬಿದನೂರಿನ ಕಡೆ ಮದುವೆ ಗೊತ್ತಾಗಿತ್ತು. ಕಾರ್ತೀಕದಲ್ಲಿ ಹೊರಟುಬಿಡುವವಳು. ಅಮಾವಾಸ್ಯೆಗೆ ಮುಂಚೆ ಅಕ್ಕ ಜ್ವರ ಬಂದು ಎದ್ದಿದ್ದರು, ಕಾಲಲ್ಲಿ ಶಕ್ತಿಯಿರಲಿಲ್ಲ. ಬುಟ್ಟಿ ಹೊರುವ ನೆಪದಲ್ಲಿ ನಾನು ಜೊತೆಗೆ ಹೋದೆ. ಮುರುಗಮಲ್ಲದಲ್ಲಿ ಬಸ್ಸಿಳಿದು ನಡೆಯುವಾಗಲೇ ನಾನು ಒಂದು ನಿಶ್ಚಯ ಮಾಡಿಕೊಂಡಿದ್ದೆ. ಆ ಗೊಜ್ಜಿನ ಮೇಲೆ ಇವತ್ತು ಗುರುತು ಬೀಳಬೇಕು. ನಾನೇ ಹಾಕುತ್ತೇನೆ. ನಾನು ಹಿಡಿದ ಪಾತ್ರೆಯಿಂದ ಅವರನ್ನು ಬಿಡಿಸಿ ಹೋಗುತ್ತೇನೆ.

ಮನೆಯಲ್ಲಿ ಮುನಿಯಮ್ಮ, ಅವಳ ಅತ್ತೆ ಇಬ್ಬರೇ. ಗಂಡ ಆ ದಿನ ಮನೆಯಲ್ಲಿ ನಿಲ್ಲದೆ ಹೊಲಕ್ಕೆ ಹೋಗಿಬಿಡುತ್ತಾನಂತೆ. "ರಾ ತಲ್ಲಿ, ಬಾಮ್ಮ ಒಳಕ್ಕೆ" ಎಂದು ಮುದುಕಿ ನನ್ನನ್ನು ಕರೆದು ಗಲ್ಲ ಸವರಿ, "ಈ ಹುಡುಗೀಗೆ ಯಾವಾಗ ಮದ್ವೆ?" ಎಂದು ಅಕ್ಕನನ್ನು ಕೇಳಿದಳು. ಅಕ್ಕ ಹಿತ್ತಲಲ್ಲಿ ಕೂತು ಟೊಮೇಟೊ ಸುಟ್ಟು ಸುಲಿದರು. ನಾನು ಎಲೆ ಹರಿದೆ. ಯಾರೂ ಅಳಲಿಲ್ಲ. ಮಗುವಿಗೆ ಹಬ್ಬದ ಅಡುಗೆ ಮಾಡುವ ಮನೆಯಂತೆಯೇ ಇತ್ತು.

ಮುಂದಿನದನ್ನು ನಿಧಾನವಾಗಿ ಬರೆಯುತ್ತೇನೆ. ಹೊತ್ತು ಮಧ್ಯಾಹ್ನ ಮೂರರ ಸುಮಾರು. ಒಳಕೋಣೆಗೆ ಒಂದೇ ಬಾಗಿಲು. ಕಿಟಕಿಯಿಲ್ಲ. ಮೇಲಿನ ಗವಾಕ್ಷಿಗೆ ಗೋಣಿತಾಟು ತುರುಕಿತ್ತು. ಮುದುಕಿ ದೀಪ ಹಚ್ಚಿ ಹೊರಗೆ ಬಂದಳು. ಮುನಿಯಮ್ಮ ಅನ್ನ, ಕಡುಬು ಬಡಿಸಿ ಬಂದಳು. ಅಕ್ಕ ತಪ್ಪಲೆಯನ್ನು ಎಲೆಯ ಪಕ್ಕದಲ್ಲಿಟ್ಟು, ಚಮಚದ ಬೆನ್ನಿನಿಂದ ಇನ್ನೊಮ್ಮೆ ಸವರಿ ಬಂದರು. ಆಗ ನಾನು, "ಊದುಬತ್ತಿ ಆರಿದ ಹಾಗಿದೆ, ಹಚ್ಚಿ ಬರ್ತೀನಿ" ಎಂದು ಒಳಗೆ ಹೋದೆ. ಬಗ್ಗಿ ನೋಡಿದೆ. ದೀಪದ ಬೆಳಕಿನಲ್ಲಿ ಗೊಜ್ಜಿನ ಮೈ ನುಣ್ಣಗೆ ಹೊಳೆಯುತ್ತಿತ್ತು. ಒಂದು ಗೀರೂ ಇರಲಿಲ್ಲ. ತೋರುಬೆರಳಿನಿಂದ ನನ್ನ ಕಡೆಗೆ ಒಂದು ಗೆರೆ ಎಳೆದೆ. ಬೆರಳನ್ನು ಸೆರಗಿನ ಒಳಗೆ ಒರೆಸಿಕೊಂಡೆ. ಹೊರಗೆ ಬಂದು ಬಾಗಿಲೆಳೆದೆ. ಮುದುಕಿ ಚಿಲಕ ಹಾಕಿದಳು.

ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಎಡಕ್ಕೆ ಅಕ್ಕ, ಬಲಕ್ಕೆ ಮುನಿಯಮ್ಮ, ಎದುರಿಗೆ ಮುದುಕಿ. ಮುನಿಯಮ್ಮ ನನ್ನ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದರು. ಮುದುಕಿ ಎಲೆಅಡಿಕೆ ಜಗಿದು ಮುಗಿಸುವವರೆಗೆ ಯಾರೂ ಏಳಲಿಲ್ಲ. ಒಳಗಿನಿಂದ ಸದ್ದು ಬಂತೇ ಎಂದರೆ, ಬರಲಿಲ್ಲ. ಬೆನ್ನಿಗೆ ತಗಲಿದ್ದ ಮರದ ಬಾಗಿಲು ಸ್ವಲ್ಪ ತಣ್ಣಗಾಯಿತು ಎಂದು ನನಗನ್ನಿಸಿತು. ಅನ್ನಿಸಿತು ಎಂದಷ್ಟೇ ಬರೆಯಬಲ್ಲೆ.

ಮುದುಕಿ ಚಿಲಕ ತೆಗೆದು ಒಳಗೆ ಹೋಗಿ, ದೀಪವನ್ನು ಎತ್ತಿ ಹಿಡಿದು ಬಗ್ಗಿದಳು. ನಾನು ಅವಳ ಹಿಂದೆಯೇ ಇದ್ದೆ.

"ರಾವೇ ಮುನಿಯಮ್ಮಾ, ಚೂಡವೇ!" ಎಂದು ಕೂಗಿದಳು. "ವಚ್ಚಿಂದಿ! ಪಾಪ ವಚ್ಚಿಂದಿ!"

ಮಗು ಬಂದಿದೆ ಎಂದು ಅವಳು ತೆಲುಗಿನಲ್ಲಿ ಕೂಗುತ್ತಿದ್ದಳು. ಮುನಿಯಮ್ಮ ನನ್ನನ್ನು ಸರಿಸಿಕೊಂಡು ಒಳಗೆ ಹೋಗಿ, ನೋಡಿ, ನೆಲಕ್ಕೆ ಹಣೆ ಹಚ್ಚಿದಳು. ನಾನು ತಪ್ಪಲೆಯೊಳಗೆ ನೋಡಿದೆ.

ಗೆರೆಗಳು ಎರಡಿದ್ದವು.

ಒಂದು ನಾನು ಎಳೆದದ್ದು. ಅದರ ಅಗಲ ನನ್ನ ಬೆರಳಿನಷ್ಟು. ಇನ್ನೊಂದು ಅದರ ಪಕ್ಕದಲ್ಲೇ, ಎದುರು ಕಡೆಯಿಂದ ಹೊರಟು ಅರ್ಧಕ್ಕೆ ನಿಂತಿತ್ತು. ಅಗಲ ನನ್ನದರ ಅರ್ಧದಷ್ಟೂ ಇರಲಿಲ್ಲ. ಇಲಿಯ ಕೆಲಸವಲ್ಲ, ಇಲಿ ಬಂದಿದ್ದರೆ ಅಂಚೆಲ್ಲ ಕದಡಿರುತ್ತಿತ್ತು. ಬೆಕ್ಕು ಬರಲು ದಾರಿಯಿರಲಿಲ್ಲ. ನಾನು ಹೊರಗೆ ಬಂದ ಮೇಲೆ ಆ ಕೋಣೆಯೊಳಗೆ ಯಾರೂ ಹೋಗಿರಲಿಲ್ಲ.

ಮುನಿಯಮ್ಮ ಎದ್ದು ಅಕ್ಕನ ಕಾಲು ಮುಟ್ಟಿದಳು. "ತೀರ್ತು ಅಮ್ಮಾವ್ರೇ. ಸಿಟ್ಟಿಲ್ಲ ಅದಕ್ಕೆ. ಇನ್ನ ನೀವು ಬರೋದು ಬೇಡ, ಕಲಾಯಿಯವ್ನು ಬಂದ್ರೆ ಈ ತಪ್ಪಲೇಗೂ ಹಾಕಿಸ್ತೀನಿ" ಎಂದಳು. ನಾಲ್ಕು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅವತ್ತೇ. ಅಕ್ಕ ಅಳಲಿಲ್ಲ. ತಪ್ಪಲೆಯನ್ನು ಮುಂದಿಟ್ಟಾಗ, ಬಹಳ ಹೊತ್ತು ನೋಡಿ, ನನ್ನ ಗೆರೆಯಿದ್ದ ಕಡೆಯಿಂದ ಎರಡು ಚಮಚ ತೆಗೆದು ತಿಂದರು. ಸಣ್ಣ ಗೆರೆಯ ಕಡೆಗೆ ಚಮಚ ಹೋಗಲಿಲ್ಲ. ಅದನ್ನು ಮುನಿಯಮ್ಮನ ಕಡೆ ತಿರುಗಿಸಿ ಇಟ್ಟರು.

ಮುರುಗಮಲ್ಲದ ಬಸ್‌ಸ್ಟಾಪಿನಲ್ಲಿ ಕೂತಿದ್ದಾಗ ಬಿಸಿಲಿನ್ನೂ ಇತ್ತು. ದರ್ಗಾಕ್ಕೆ ಬಂದವರು ಕಡಲೆಪುರಿ ಕೊಳ್ಳುತ್ತಿದ್ದರು. ಅಕ್ಕ ನನ್ನ ಬಲಗೈ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು.

"ಒಂದು ನಿನ್ದು ಅಂತ ಗೊತ್ತು ಕಣೇ" ಎಂದರು. "ನಾಲ್ಕೈದು ವರ್ಷದಿಂದ ನೋಡ್ತಿದೀನಿ, ಪಾತ್ರೇಲಿ ಬೆರಳಿಟ್ಟು ರುಚಿ ನೋಡೋವಾಗ ಕೊನೇಲಿ ಕೊಕ್ಕೆ ತಿರುಗಿಸ್ತೀಯ. ಆ ಗೆರೆಗೂ ಕೊಕ್ಕೆ ಇತ್ತು."

"ಹೌದಕ್ಕ" ಎಂದೆ. "ತಪ್ಪಾಯ್ತು."

"ಇನ್ನೊಂದು?"

ನಾನು ಎರಡೂ ನನ್ನವೇ ಎನ್ನಬಹುದಾಗಿತ್ತು. ಅಂದಿದ್ದರೆ ಮಗು ಬರಲಿಲ್ಲವೆಂದಾಗಿ, ಅವರ ಕುತ್ತಿಗೆಗೆ ಆ ತಪ್ಪಲೆ ಮತ್ತೆ ಬೀಳುತ್ತಿತ್ತು. ಅವರನ್ನು ಉಳಿಸಲೆಂದು ನಾನು ನಿಜ ಹೇಳಿದೆನೆಂದಲ್ಲ. ಸುಳ್ಳು ಹೇಳಲು ಧೈರ್ಯ ಸಾಲಲಿಲ್ಲ. "ನಂದಲ್ಲಕ್ಕ. ನಾನು ಬರೋವಾಗ ಒಂದೇ ಇತ್ತು. ಆಣೆ ಮಾಡಿ ಹೇಳ್ತೀನಿ."

"ಆಣೆ ಬೇಡ" ಎಂದರು. "ಸಣ್ಣದಾಗಿತ್ತು. ನೋಡ್ದೆ."

ಬಸ್ಸಿನ ಹೊತ್ತಾಗುತ್ತಿತ್ತು. ನಾನು, "ಸದ್ಯ, ಮುಗೀತಲ್ಲ ಅಕ್ಕ. ಸಿಟ್ಟಿಲ್ಲ ಅಂತ ಆಯ್ತಲ್ಲ. ಇನ್ನು ಬರೋದು ಬೇಡ ಅಂತ ಅವಳೇ ಅಂದ್ಳು" ಎಂದೆ.

"ಅವಳು ಅಂದ್ಳು ಕಣೇ" ಎಂದರು ಅಕ್ಕ. "ಸಿಟ್ಟಿರೋ ಮಗು ಬರೋದೇ ಇಲ್ಲ, ಅದು ಸರಿ. ಆದ್ರೆ ಬಂತು ಅಂದ್ರೆ ಏನರ್ಥ? ಹಸಿವಾಗಿದೆ ಅಂತ ತಾನೆ? ಹಸಿದಿರೋ ಮಗೂಗೆ ಒಂದ್ಸಲ ತಿನ್ಸಿ, ಇನ್ನು ನಾನು ಬರಲ್ಲಮ್ಮ ಅಂತ ಎದ್ದು ಹೋಗೋಕಾಗುತ್ತೇನೇ?"

ಅವರು ನನ್ನನ್ನು ಕೇಳಿದಂತಿರಲಿಲ್ಲ. ಬಸ್ಸು ಬಂತು, ಹತ್ತಿದೆವು. ಚಿಂತಾಮಣಿ ತಲುಪುವವರೆಗೂ ಅವರು ಖುಷಿಯಾಗಿದ್ದರು. ಕಡಲೆಪುರಿ ಪೊಟ್ಟಣ ಬಿಚ್ಚಿ ನನಗೂ ಕೊಟ್ಟರು.

ನಾನು ಮದುವೆಯಾಗಿ ಗೌರಿಬಿದನೂರಿಗೆ ಬಂದೆ. ಅವರು ಶಿಡ್ಲಘಟ್ಟಕ್ಕೆ ವರ್ಗವಾಗಿ ತಮ್ಮನ ಮನೆಯಲ್ಲಿ ಉಳಿದರು. ಪ್ರತಿ ಅಮಾವಾಸ್ಯೆಗೆ ಆ ಮನೆಗೆ ಹೋಗುತ್ತಲೇ ಇದ್ದರು. ಮುನಿಯಮ್ಮ ಮೊದಲ ವರ್ಷ ಬೇಡವೆಂದಳಂತೆ, ಆಮೇಲೆ ಬಾಗಿಲು ತೆಗೆದು ಸುಮ್ಮನೆ ದಾರಿ ಬಿಟ್ಟಳಂತೆ. ಇದೆಲ್ಲ ಅಕ್ಕನ ಕಾಗದಗಳಿಂದ ತಿಳಿದದ್ದು. ಗೆರೆ ಮತ್ತೆ ಬೀಳುತ್ತಿದೆಯೇ ಎಂದು ನಾನು ಕೇಳಲಿಲ್ಲ. ನನಗೆ ಹೆದರಿಕೆ. ನನ್ನ ಎರಡು ಮಕ್ಕಳು ಹುಟ್ಟಿದ ಮೇಲೆ ಹೆದರಿಕೆ ಹೆಚ್ಚಾಯಿತು. ಅವರೂ ಬರೆಯುತ್ತಿರಲಿಲ್ಲ. ಎರಡು ವರ್ಷದ ಕೆಳಗೆ ಒಂದು ಕಾಗದದ ಕೊನೆಯಲ್ಲಿ, ಮಳೆ ಬೆಳೆ ಎಲ್ಲ ಬರೆದಾದ ಮೇಲೆ, ಒಂದು ಸಾಲಿತ್ತು. "ಹೋದ ವರ್ಷ ಮಾಡಿದ್ದು ಸಾಲಲಿಲ್ಲ, ಈ ವರ್ಷ ಸ್ವಲ್ಪ ಜಾಸ್ತಿ ಮಾಡಿದ್ದೆ."

ನಾಡಿದ್ದು ಅಮಾವಾಸ್ಯೆ. ಅಕ್ಕ ಇಲ್ಲ. ಮುನಿಯಮ್ಮನಿಗೆ ಅದು ಮಾಡಲು ಬರುವುದಿಲ್ಲ. ಅದನ್ನು ಬಲ್ಲವಳು ಈಗ ನಾನೊಬ್ಬಳೇ. ನಾಳೆ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ, ಅಲ್ಲಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುತ್ತೇನೆಂದು ಮನೆಯವರಿಗೆ ಹೇಳಿದ್ದೇನೆ. ಹಣ್ಣು ತೆಗೆದಿಟ್ಟಿದ್ದೇನೆ, ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದೇನೆ. ಆ ಮಗುವಿಗೆ ಈಗ ಹದಿನಾಲ್ಕು ನಡೆಯುತ್ತಿರಬೇಕು. ಎಷ್ಟು ಮಾಡಬೇಕೆಂದು ಅಕ್ಕ ಹೇಳಿಹೋಗಲಿಲ್ಲ.